ತುಂಬಿದ ತಂಬಿಗೆಯ ಸುತ್ತು

ದೊಡ್ಡ ಆಯಾ ಅವರ ಬಲಗೈ ಹೆಬ್ಬೆರಳು ಯಾವಾಗಲೂ ನಡುಗುತ್ತಿತ್ತು. ತುಂಬಿದ ತಂಬಿಗೆ ಹಿಡಿದಾಗ ಮಾತ್ರ ನಿಲ್ಲುತ್ತಿತ್ತು.

ನಿಮ್ಮ ಅಜ್ಜ ತೀರಿಕೊಂಡ ವರ್ಷ ನಾನು ಎಕಂಬಾದಿಂದ ಬೀದರಿಗೆ ಬಂದು, ಒಂದು ಮಕ್ಕಳ ಮನೆಯಲ್ಲಿ ಆಯಾ ಆಗಿ ಸೇರಿದೆ. ಹೊಡೆತ ತಿಂದ, ಕಾಣಬಾರದ್ದನ್ನು ಕಂಡ ಸಣ್ಣ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಭಾಲ್ಕಿ ಕಡೆಯವರಾದ ದೊಡ್ಡ ಆಯಾ ನಮಗೆಲ್ಲ ಹಿರಿಯರು. ದಿನವೂ ಮಕ್ಕಳ ಕೋಣೆಗೆ ಹೋಗುವ ಮೊದಲು ತಂಬಿಗೆಗೆ ಅಂಚಿನವರೆಗೆ ನೀರು ತುಂಬಿ, ಬರಿಗಾಲಲ್ಲಿ ಅಂಗಳ ಮೂರು ಸುತ್ತು ಹಾಕುತ್ತಿದ್ದರು. ತುಳುಕಿದರೆ ಇನ್ನೊಂದು ಸುತ್ತು.

"ಏನ್ರಿ ಅಕ್ಕಾ, ಇವತ್ತೂ ತಂಬಿಗಿ ಮೆರವಣಿಗಿ ಹೊಂಟದ?" ಎಂದು ಅಡುಗೆಯವಳು ಹಂಗಿಸುತ್ತಿದ್ದಳು.

"ನೀ ಮುಂದ ನಿಂತು ಹಲಗಿ ಬಾರ್ಸು ಬಾ," ಎನ್ನುತ್ತಿದ್ದರು.

ಔರಾದ ಕಡೆಯಿಂದ ನಾಲ್ಕು ವರ್ಷದ ಹುಡುಗಿಯೊಬ್ಬಳು ಬಂದಳು. ಮಾತಿಲ್ಲ. ನಾನು ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದರೂ ಮಂಚದ ಕೆಳಗೆ ಸೇರುತ್ತಿದ್ದಳು. ಆ ಕಣ್ಣುಗಳು ನನ್ನ ಜೊತೆ ಮನೆಗೂ ಬಂದವು. ಬಾಗಿಲು ಬಡಿದರೆ ನಾನೂ ಬೆಚ್ಚತೊಡಗಿದೆ. ಯಾರಿಗೂ ಹೇಳಲಿಲ್ಲ; ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ.

ಒಂದು ಮುಂಜಾನೆ ತಲೆ ಬಾಚುವಾಗ ಅವಳು ನನ್ನ ಕೈ ಕಚ್ಚಿದಳು. ಇನ್ನೊಂದು ಕೈ ತಾನೇ ಮೇಲೆದ್ದಿತು. ಹೊಡೆಯಲಿಲ್ಲ. ಆದರೆ ಎದ್ದದ್ದನ್ನು ಅವಳು ನೋಡಿದಳು. ಅಳಲಿಲ್ಲ. ಕಿವಿ ಮುಚ್ಚಿಕೊಂಡು ಹೊಡೆತಕ್ಕೆ ಕಾಯುತ್ತ ಕುಳಿತಳು.

ಬಾಗಿಲಲ್ಲಿದ್ದ ದೊಡ್ಡ ಆಯಾ ತಮ್ಮ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. "ಹೊರಗ ನಡಿ, ತಂಗಿ. ಕೂಸಿಗಿ ನಾ ನೋಡ್ತೇನಿ."

"ನಂದೇ ಕೈಗಿ ನಾ ಅಂಜ್ಲಿಕತ್ತೀನ್ರಿ ಅಕ್ಕಾ. ನಾಳಿಂದ ಬರಂಗಿಲ್ರಿ."

"ನಂಗ ಅಂಜಿಕಿ ಇಲ್ಲೇನು? ಒಮ್ಮಿ ನಾ ಒಂದು ಕೂಸಿಗಿ ಹೊಡದೇನಿ. ಅದು ಮತ್ತ ನನ್ನ ಹತ್ರ ಬರಲೇ ಇಲ್ಲ. ಅವತ್ತಿನಿಂದ ಈ ಹೆಬ್ಬಟ್ಟು ನಡಗ್ತದ. ನೀರಿನ ಮ್ಯಾಲ ಕಣ್ಣಿಡು. ಕಾಲಿಗಿ ನೆಲಾ ಹತ್ತಲಿ. ಆಮ್ಯಾಲ ಒಳಗ ಬಾ."

ಅಂದು ಏಳು ಸುತ್ತು ಹಾಕಿದೆ. ಸೀರೆಯ ಅಂಚೆಲ್ಲ ತೊಯ್ದಿತ್ತು. ಒಳಗೆ ಹೋಗಿ, ಅವಳಿಂದ ದೂರ, ಎರಡೂ ಅಂಗೈ ಕಾಣುವಂತೆ ತೊಡೆಯ ಮೇಲಿಟ್ಟು ಕುಳಿತೆ. ದಿನವೂ ಹಾಗೇ ಕುಳಿತೆ. ಎಷ್ಟೋ ದಿನಗಳ ಮೇಲೆ ಅವಳು ಬಾಚಣಿಗೆ ತಂದು ನನ್ನ ಅಂಗೈಯಲ್ಲಿಟ್ಟಳು.

ಹೋದ ವರ್ಷ ದೊಡ್ಡ ಆಯಾ ತೀರಿಕೊಂಡರು. ಭಾಲ್ಕಿಗೆ ಹೋಗಿ ಕೊನೆಯ ಸಲ ನೋಡಿದೆ. ಹೆಬ್ಬೆರಳು ಸುಮ್ಮನಿತ್ತು.

ನೀವು ಹಟ ಮಾಡಿದಾಗ ಅಜ್ಜಿ ತಂಬಿಗೆ ಹಿಡಿದು ಅಂಗಳಕ್ಕೆ ಹೋಗುತ್ತಾಳೆಂದು ನಗುತ್ತೀರಿ. ನಗಿರಿ. ಆ ಅಂಜಿಕೆ ಇನ್ನೂ ನನ್ನ ಕೈಯಲ್ಲಿದೆ. ನಾನು ಮರಳಿ ಬರುವವರೆಗೆ ಬಾಗಿಲು ಮಾತ್ರ ಹಾಕಬೇಡಿ.