ಒಂದು ಮನೆಗಾಗಿ ಇಡೀ ಸಾಲಿಗೆ ಬಿಪಿ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ವಿಶಾಖಪಟ್ಟಣದ ಒಂದು ಕಾರ್ಖಾನೆಯ ಟೌನ್‌ಶಿಪ್ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ಊರು ಗದಗ. ಆದರೆ ಅಷ್ಟು ವರ್ಷಗಳಲ್ಲಿ ಸಿಟ್ಟು ಬಂದಾಗ ಬಾಯಿಗೆ ಬರುತ್ತಿದ್ದದ್ದು ತೆಲುಗು. ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಆಗ ತರಬೇತಿ ಪಡೆದ ನರ್ಸ್‌ಗಳಿಗೇ ವಹಿಸಿದ್ದೆವು. ಪರೀಕ್ಷೆ ಸರಳ. ಗರ್ಭಕಂಠಕ್ಕೆ ನೀರು ಬೆರೆಸಿದ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾಯಬೇಕು. ಸಂಶಯದ ಜಾಗವಿದ್ದರೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಮಾತ್ರಕ್ಕೆ ಅದು ಕ್ಯಾನ್ಸರ್ ಅಲ್ಲ. ಆದರೆ ನೋಡದೆ ಬಿಟ್ಟರೆ ಮುಂದೆ ಆಗಬಹುದು.

ಸ್ಟಾಫ್ ನರ್ಸ್ ಪದ್ಮಜಾ ಅನಕಾಪಲ್ಲಿಯವಳು, ಮಹಾ ಮಾತುಗಾತಿ. ಟೇಬಲ್ ಮೇಲೆ ಮಲಗಿದ ಹೆಂಗಸಿನ ಜೊತೆ ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಜಗಳ ತೆಗೆಯುತ್ತಿದ್ದಳು. ಜಗಳ ಮುಗಿಯುವಷ್ಟರಲ್ಲಿ ಪರೀಕ್ಷೆಯೂ ಮುಗಿದಿರುತ್ತಿತ್ತು.

ಫೋರ್‌ಮನ್ ಒಬ್ಬರ ಹೆಂಡತಿ ಗಿರಿಜಕ್ಕ ನಮ್ಮ ಕಡೆಯವರೇ. ಅವರ ಪರೀಕ್ಷೆಯಲ್ಲಿ ಬಿಳಿ ಮಚ್ಚೆ ಕಂಡಿತು. ಮರುವಾರ ಡಾಕ್ಟರ್ ನೋಡಬೇಕಿತ್ತು. ಗಿರಿಜಕ್ಕ ಬರಲಿಲ್ಲ, ಫೋನೂ ಎತ್ತಲಿಲ್ಲ. ನನಗೆ ರೇಗಿಹೋಯಿತು. ಆಸ್ಪತ್ರೆಯ ಗಾಡಿ ತೆಗೆಸುತ್ತೇನೆ, ಹೋಗಿ ಕರೆತರೋಣ ಎಂದೆ.

"ಗಾಡಿ ಒಂದೇ ಮನೆ ಮುಂದೆ ನಿಂತರೆ ಸಂಜೆಯೊಳಗೆ ಟೌನ್‌ಶಿಪ್ಪಿಗೆಲ್ಲ ಗೊತ್ತಾಗುತ್ತೆ ಮೇಡಂ. ನಡೆದೇ ಹೋಗೋಣ," ಎಂದಳು ಪದ್ಮಜಾ.

ಬಿಪಿ ಉಪಕರಣ ಹೆಗಲಿಗೇರಿಸಿ ಅವಳು ಆ ಸಾಲಿನ ಮೊದಲ ಮನೆಯ ಬೆಲ್ ಒತ್ತಿದಳು. ಆಮೇಲೆ ಎರಡನೆಯದು, ಮೂರನೆಯದು. ಒಂದು ಮನೆಯ ಯಜಮಾನರಿಗೆ ನಿಜಕ್ಕೂ ಬಿಪಿ ಏರಿತ್ತು. ಹೆಂಡತಿಯ ಎದುರೇ ಉಪ್ಪಿನಕಾಯಿ ನಿಂತುಹೋಯಿತು. ಹೀಗೆ ಎಲ್ಲರ ಕಾಫಿ ಕುಡಿದುಕೊಂಡು ಗಿರಿಜಕ್ಕನ ಮನೆ ತಲುಪಿದೆವು.

ಬಾಗಿಲು ಹಾಕಿದ ಮೇಲೆ ಗಿರಿಜಕ್ಕ ಅತ್ತುಬಿಟ್ಟರು. "ಮಗಳ ಮದುವಿ ಮಾತು ನಡದೈತ್ರಿ. ಬೀಗರು ವಿಜಯವಾಡದ ಹತ್ರ ಇಬ್ರಾಹಿಂಪಟ್ನಂದಾಗ, ಪವರ್ ಸ್ಟೇಷನ್‌ನ್ಯಾಗ ಅದಾರ. ಇಲ್ಲಿ ಸುದ್ದಿ ಅಲ್ಲಿಗೆ ಹೋಗಾಕ ಎಷ್ಟೊತ್ತು? ತಾಯಿಗೆ ಕ್ಯಾನ್ಸರ್ ಅಂದ್ರ ಸಂಬಂಧ ಮುರೀತೈತಿ. ಮದುವಿ ಆಗ್ಲಿ, ಆಮ್ಯಾಲ ಬರ್ತೀನ್ರಿ."

ನಾನು ಅದನ್ನು ತೆಲುಗಿಗೆ ತಿರುಗಿಸಿ ಹೇಳಿದೆ. ಗಿರಿಜಕ್ಕನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಲೇ ಪದ್ಮಜಾ ತೆಲುಗಿನಲ್ಲಿ ಸಮಾಧಾನ ಹೇಳಿದಳು: "ಕಂಗಾರು ಪಡಕಂಡಿ ಅಮ್ಮಾ, ಗಾಬರಿಯಾಗಬೇಡಿ. ಕ್ಯಾನ್ಸರ್ ಇದೆ ಅಂತ ನಾನು ಹೇಳಿಲ್ಲ. ಆಗೋಕೆ ಬಿಡಬಾರದು ಅಂತ ಬಂದಿದ್ದೀನಿ. ಗುರುವಾರ ಬಿಪಿ ತೋರಿಸೋಕೆ ಹೋಗ್ತೀನಿ ಅಂತ ಹೇಳಿ ಬನ್ನಿ. ಈ ಸಾಲಿನವರಿಗೆಲ್ಲ ಅವತ್ತೇ ಬಿಪಿ ತೋರಿಸೋಕೆ ಬನ್ನಿ ಅಂತ ಹೇಳ್ತಿದ್ದೀನಿ."

ಗಿರಿಜಕ್ಕನ ನಂತರದ ಮನೆಗಳನ್ನೂ ಅವಳು ಬಿಡಲಿಲ್ಲ. ನನ್ನ ಕಾಲು ಸೋತಿತ್ತು, ಆದರೆ ಅವಳ ಬಗ್ಗೆ ಹೆಮ್ಮೆಯಿಂದ ಎದೆ ತುಂಬಿತ್ತು.

ಗುರುವಾರ ಗಿರಿಜಕ್ಕ ಬಂದರು. ಕ್ಯಾನ್ಸರ್ ಪೂರ್ವದ ಬದಲಾವಣೆ ಎಂದು ಡಾಕ್ಟರ್ ಖಚಿತಪಡಿಸಿ, ಬಿಸಿ ತುದಿಯ ಉಪಕರಣದಿಂದ ಆ ಭಾಗವನ್ನು ಅಂದೇ ಸುಟ್ಟು ತೆಗೆದರು. ಸಂಜೆಗೆ ಗಿರಿಜಕ್ಕ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಮದುವೆಯೂ ವಿಜಯವಾಡದಲ್ಲಿ ಸುಸೂತ್ರವಾಗಿ ನಡೆಯಿತು.

ಮರುತಪಾಸಣೆಗೆ ಬಂದಾಗ ಜೊತೆಯಲ್ಲಿ ಇನ್ನೊಬ್ಬ ಹೆಂಗಸಿದ್ದರು. ಮಗಳ ಅತ್ತೆ! ತುಂಬಿದ ಹಾಲ್‌ನಲ್ಲಿ ಗಿರಿಜಕ್ಕ ಎಲ್ಲರಿಗೂ ತಿಳಿಯುವಂತೆ ತೆಲುಗು ಬೆರೆಸಿ ಗಟ್ಟಿಯಾಗಿ ಹೇಳಿದರು: "ಪದ್ಮಜಾ, ನಮ್ಮ ಬೀಗಿತ್ತಿನೂ ನೋಡವಾ. ನನಗ ಏನಾಗಿತ್ತು, ನೀ ಹೆಂಗ ಉಳಿಸಿದಿ, ಎಲ್ಲಾ ಹೇಳೀನಿ."

ರೋಗಿಯ ಗುಟ್ಟು ಕಾಯಬೇಕೆಂದು ನರ್ಸಿಂಗ್ ಶಾಲೆಯಲ್ಲೇ ಕಲಿತಿದ್ದೆ. ಕಾಯ್ದ ಗುಟ್ಟಿಗೆ ಎಷ್ಟು ಶಕ್ತಿಯಿದೆ ಎಂದು ಕಲಿತದ್ದು ಆ ದಿನ. ಗಿರಿಜಕ್ಕನ ಮಾತು ಮುಗಿಯುವ ಮೊದಲೇ, ಬೇರೆ ಕೆಲಸಕ್ಕೆ ಬಂದು ಕೂತಿದ್ದ ಇಬ್ಬರು ಹೆಂಗಸರು ಎದ್ದು ಪದ್ಮಜಾಳ ಕೋಣೆಯ ಮುಂದೆ ನಿಂತಿದ್ದರು.