ಹಾರುವ ಹಸುವಿನ ಇಂಗ್ಲಿಷ್ ಪಾಠ

ಭಾಷೆಯೆಂದರೆ ಮೊದಲು ಮಾತು, ಬರಹ ಆಮೇಲೆ. ಈ ವಾಕ್ಯವನ್ನು ನಾನು ಹತ್ತೊಂಬತ್ತು ವರ್ಷಗಳಿಂದ ಒಂದಕ್ಷರ ಬದಲಿಸದೆ ಉಕ್ತಲೇಖನ ಕೊಡುತ್ತಾ ಬಂದಿದ್ದೇನೆ. ಹೆಬ್ಬಾಳದ ಆಚೆಗಿರುವ ನಮ್ಮ ಬಿ.ಎಡ್. ಕಾಲೇಜಿನಲ್ಲಿ, ನಾಳೆ ಇಂಗ್ಲಿಷ್ ಶಿಕ್ಷಕರಾಗಲಿರುವವರಿಗೆ ಭಾಷಾವಿಜ್ಞಾನದ ಆರಂಭದ ಪಾಠಗಳನ್ನು ಹೇಳಿಕೊಡುವುದು ನನ್ನ ವೃತ್ತಿ. ಮಾತೇ ಪ್ರಧಾನ ಎಂದು ನಾನು ಸಾರುತ್ತೇನೆ. ಐವತ್ತು ಜನ ತುಟಿ ಬಿಚ್ಚದೆ ಬರೆದುಕೊಳ್ಳುತ್ತಾರೆ. ಯಾರಾದರೂ ಪಕ್ಕದವರ ಕಿವಿಯಲ್ಲಿ ಏನಾದರೂ ಉಸುರಿದರೆ ‘ಮಾತಾಡಬೇಡಿ’ ಎಂದು ನಾನೇ ಗದರುತ್ತೇನೆ. ಇದರಲ್ಲಿರುವ ತಮಾಷೆ ನಿಮಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಕಳೆದ ವರ್ಷದ ಪಾಠಪರೀಕ್ಷೆಯೇ ಬರಬೇಕಾಯಿತು.

ನಾನು ಧಾರವಾಡದ ಕಡೆಯವಳು. ಅಲ್ಲಾಳಸಂದ್ರದಲ್ಲಿ ಮನೆ ಮಾಡಿ ಇಪ್ಪತ್ತು ವರ್ಷವಾದರೂ, ನಾನು ಬಾಯಿ ತೆರೆದ ಕೂಡಲೇ ತರಕಾರಿ ಅಂಗಡಿಯವನು ‘ಮೇಡಂ, ಊರಿಂದ ಯಾವಾಗ ಬಂದ್ರಿ?’ ಎಂದು ಕೇಳುತ್ತಾನೆ. ಪ್ರತಿಯೊಂದು ಆಡುನುಡಿಗೂ ಸಮಾನ ಗೌರವವಿದೆ, ಯಾವುದೂ ಕೀಳಲ್ಲ ಎಂದು ತರಗತಿಯಲ್ಲಿ ಘೋಷಿಸುವ ನಾನು, ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ‘ಬರ್ತೀನಿ, ಹೋಗ್ತೀನಿ’ ಎಂದು ಬೆಂಗಳೂರಿನ ಕನ್ನಡವನ್ನು ಅಭ್ಯಾಸ ಮಾಡಿದ್ದುಂಟು. ವಿದ್ವತ್ತು ಬೇರೆ, ಧೈರ್ಯ ಬೇರೆ ಎನ್ನುವುದಕ್ಕೆ ನನಗಿಂತ ಹತ್ತಿರದ ಉದಾಹರಣೆ ನನಗೆ ಬೇಕಾಗಿಲ್ಲ.

ಆ ವರ್ಷದ ತಂಡದಲ್ಲಿ ನಸೀಮಾ ಎಂಬ ಹುಡುಗಿಯಿದ್ದಳು. ಗಂಗಾನಗರದ ದರ್ಜಿಯೊಬ್ಬರ ಮಗಳು. ಮೊದಲ ದಿನ ಎಲ್ಲರಿಗೂ ಒಂದು ಚೀಟಿ ಕೊಟ್ಟು, ನಿಮಗೆ ಬರುವ ಭಾಷೆಗಳನ್ನು ಬರೆಯಿರಿ ಎಂದಿದ್ದೆ. ಅವಳ ಚೀಟಿಯಲ್ಲಿ ‘ಇಂಗ್ಲಿಷ್, ಸ್ವಲ್ಪ’ ಎಂದಷ್ಟೇ ಇತ್ತು. ವಿಚಾರಿಸಿದರೆ, ಮನೆಯಲ್ಲಿ ಅಮ್ಮನೊಡನೆ ದಖ್ಖನಿ ಉರ್ದು, ಅಪ್ಪನ ಅಂಗಡಿಗೆ ಬರುವವರೊಡನೆ ಕನ್ನಡ, ಪಕ್ಕದ ಮನೆಯ ಆಂಟಿಯೊಡನೆ ತಮಿಳು! ‘ಅವೆಲ್ಲಾ ಬರೀಲಿಲ್ಲ ಯಾಕವ್ವಾ?’ ಎಂದೆ. ‘ಅವು ಸುಮ್ನೆ ಮಾತಾಡೋದು ಮೇಡಂ, ಭಾಷೆ ಅಲ್ವಲ್ಲ’ ಎಂದಳು. ಭಾಷೆಯೆಂದರೆ ಅಂಕ ಸಿಗುವಂಥದ್ದು ಎಂಬ ಈ ವ್ಯಾಖ್ಯೆ ಯಾವ ಪಠ್ಯದಲ್ಲೂ ಇಲ್ಲ, ಆದರೆ ನಾವೆಲ್ಲ ನಂಬಿರುವುದು ಇದನ್ನೇ. ನಾಲ್ಕನೆಯದಾದ ಇಂಗ್ಲಿಷಿನ ಮುಂದೆ ಮಾತ್ರ ಅವಳ ನಾಲಿಗೆ ಒಣಗಿಹೋಗುತ್ತಿತ್ತು.

ಪಾಠಪರೀಕ್ಷೆಯೆಂದರೆ, ಹೊರಗಿನ ಪರೀಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತಿರಲು, ನಿಜವಾದ ಶಾಲೆಯ ನಿಜವಾದ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸುವುದು. ಅದಕ್ಕೊಂದು ಗುಟ್ಟಿನ ಸಂಪ್ರದಾಯವಿದೆ. ಹಿಂದಿನ ದಿನವೇ ಅದೇ ತರಗತಿಗೆ ಹೋಗಿ, ಅದೇ ಪಾಠ ಮಾಡಿ, ಅದೇ ಪ್ರಶ್ನೆಗಳಿಗೆ ಅದೇ ಉತ್ತರಗಳನ್ನು ಬಾಯಿಪಾಠ ಮಾಡಿಸಿ, ತಲೆಗೊಂದು ಚಾಕೊಲೇಟ್ ಹಂಚಿ ಬರುವುದು. ಇದು ಪರೀಕ್ಷಕರಿಗೂ ಗೊತ್ತು, ಏಕೆಂದರೆ ಒಂದು ಕಾಲದಲ್ಲಿ ಅವರೂ ಚಾಕೊಲೇಟ್ ಹಂಚಿದವರೇ. ನಸೀಮಾ ಗಂಗಾನಗರದ ಒಂದು ಶಾಲೆಯಲ್ಲಿ ಎರಡು ವರ್ಷದಿಂದ ತಾತ್ಕಾಲಿಕವಾಗಿ ದುಡಿಯುತ್ತಿದ್ದಳು. ಈ ಸಲ ಪಾಸಾದರೆ ಜೂನ್‌ನಿಂದ ಕೆಲಸ ಖಾಯಂ, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರು ಎಂದು ಅಲ್ಲಿನ ಮುಖ್ಯಶಿಕ್ಷಕಿ ಹೇಳಿಬಿಟ್ಟಿದ್ದರು. ಹಾಗಾಗಿ, ಮಗು ಭಾಷೆಯನ್ನು ಉರುಹೊಡೆದು ಕಲಿಯುವುದಿಲ್ಲ, ಹಿಂದೆಂದೂ ಕೇಳಿರದ ವಾಕ್ಯವನ್ನು ತಾನೇ ಕಟ್ಟುತ್ತದೆ ಎಂದು ವರ್ಷವಿಡೀ ಬೋಧಿಸಿದ ನಾನೇ, ‘ಹೋಗಿ ಚಲೋತ್ನಂಗ ಉರು ಹೊಡಿಸಿ ಬಾ’ ಎಂದು ಅವಳನ್ನು ಪರೀಕ್ಷೆ ನಡೆಯಲಿದ್ದ ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಶಾಲೆಗೆ ಅಟ್ಟಿದೆ.

ಮರುದಿನ ಬೆಳಿಗ್ಗೆ ಅವಳು ನಾಲ್ಕು ಚಿತ್ರಪಟಗಳನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ತುಂಬಿದ ಬಸ್ಸಿನಲ್ಲಿ ಬಂದಳು. ನೂಕುನುಗ್ಗಲಿನಲ್ಲಿ ಪಟಗಳು ಜಾರಿ ಬಿದ್ದು, ಯಾರೋ ಪುಣ್ಯಾತ್ಮರು ಎತ್ತಿಕೊಟ್ಟಿದ್ದರಂತೆ. ಅವುಗಳ ಕ್ರಮ ಅದಲುಬದಲಾಗಿದ್ದನ್ನು ಅವಳು ನೋಡಿರಲಿಲ್ಲ. ಮಕ್ಕಳಾದರೋ ಉತ್ತರಗಳನ್ನು ಕಲಿತದ್ದು ಚಿತ್ರ ನೋಡಿ ಅಲ್ಲ, ಸರದಿಯ ಪ್ರಕಾರ.

ಮೊದಲನೆಯ ಪಟ ಬಿಚ್ಚಿದಳು: ವಿಮಾನ. ‘ವಾಟ್ ಈಸ್ ದಿಸ್?’ ಎಂದು ಕೇಳಿ ಮುಗಿಸುವ ಮೊದಲೇ ಇಡೀ ತರಗತಿ ಚಾವಣಿ ಹಾರುವಂತೆ ‘ಇಟ್ ಈಸ್ ಎ ಕೌ!’ ಎಂದಿತು. ಎರಡನೆಯದು ಪೋಸ್ಟ್‌ಮನ್. ‘ಇಟ್ ಈಸ್ ಎನ್ ಅಂಬ್ರೆಲಾ!’ ಪದಕ್ಕೂ ವಸ್ತುವಿಗೂ ಸಹಜ ಸಂಬಂಧವಿಲ್ಲ, ಅದು ಬರೀ ಒಪ್ಪಂದ ಎಂದು ನಾನು ಪಾಠ ಮಾಡಿದ್ದೆ ನಿಜ. ಆದರೆ ಅದಕ್ಕೆ ಇಷ್ಟು ಅಬ್ಬರದ ಸಾಕ್ಷ್ಯ ಸಿಗಬಹುದೆಂದು ಎಣಿಸಿರಲಿಲ್ಲ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯಪ್ಪಾ, ಅವರ ಪಕ್ಕದಲ್ಲೇ ಕುಳಿತಿದ್ದ ನನ್ನ ಪಾಡು ಯಾರಿಗೂ ಬೇಡ! ಹುಡುಗಿಯ ಕೆಲಸ ನನ್ನ ಬುದ್ಧಿವಂತಿಕೆಯಿಂದಲೇ ಹೋಯಿತಲ್ಲ ಎಂದುಕೊಂಡೆ.

ನಸೀಮಾ ಮೂರನೆಯ ಪಟವನ್ನು ಬಿಚ್ಚಲಿಲ್ಲ. ಎಲ್ಲವನ್ನೂ ಮೇಜಿನ ಮೇಲೆ ಬೋರಲು ಹಾಕಿದಳು. ಸೀಮೆಸುಣ್ಣ ಹಿಡಿದು ಹಲಗೆಯತ್ತ ತಿರುಗಿದಳು, ಏನೂ ಬರೆಯದೆ ಮತ್ತೆ ಮಕ್ಕಳತ್ತ ತಿರುಗಿದಳು. ಮಕ್ಕಳು ಮುಂದಿನ ಪ್ರಶ್ನೆಗೆ ಬಾಯಿ ತೆರೆದು ಕಾದರು; ಪ್ರಶ್ನೆ ಬರಲಿಲ್ಲ. ಆಗ ಮುಂದಿನ ಸಾಲಿನ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, ಮೆಲ್ಲಗೆ, ‘ಮಿಸ್, ಯೂ ಅಫ್ರೇಡ್?’ ಎಂದು ಕೇಳಿದಳು.

ನಸೀಮಾ ಒಮ್ಮೆ ಪರೀಕ್ಷಕರತ್ತ ನೋಡಿದಳು, ಒಮ್ಮೆ ಆ ಮಗುವಿನತ್ತ. ಆಮೇಲೆ, ‘ಯೆಸ್. ವೆರಿ ಮಚ್ ಅಫ್ರೇಡ್’ ಎಂದಳು. ಯಾರೋ ಕಿಸಕ್ಕೆಂದರು. ಅವಳೂ ನಕ್ಕುಬಿಟ್ಟಳು. ‘ಅಂಡ್ ಯೂ? ವಾಟ್ ಆರ್ ಯೂ ಅಫ್ರೇಡ್ ಆಫ್?’ ಎಂದು ಕೇಳಿದ್ದೇ ತಡ, ಕೈಗಳು ಎದ್ದವು ನೋಡಿ! ‘ಡಾಗ್, ಮಿಸ್!’ ‘ಇಂಜೆಕ್ಷನ್!’ ‘ಮ್ಯಾಥ್ಸ್ ಸರ್!’ ಇಂಗ್ಲಿಷು ಸಾಲದಾದಾಗ ಕನ್ನಡ ಬಂತು, ಕನ್ನಡದ ಬೆನ್ನಿಗೆ ತಮಿಳು, ಉರ್ದು. ಅವರು ಯಾವುದರಲ್ಲಿ ಹೇಳಿದರೂ ಅವಳು ಅದನ್ನು ಇಂಗ್ಲಿಷಿನಲ್ಲಿ ತಿರುಗಿ ಕೊಡುತ್ತಿದ್ದಳು, ಮಕ್ಕಳು ಅದನ್ನು ಬಾಚಿಕೊಳ್ಳುತ್ತಿದ್ದರು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಹೊರಗೆ ಬಂದ ಮೇಲೆ ಪರೀಕ್ಷಕರು ನನ್ನನ್ನು ಕೇಳಿದರು: ‘ಮೇಡಂ, ಆ ಮಗು ಕೇಳಿದ್ದನ್ನೂ ನಿನ್ನೆನೇ ಹೇಳ್ಕೊಟ್ಟಿದ್ರಾ?’

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ‘ಇಲ್ರೀ ಸರ್. ಹಸು, ಕೊಡೆ ಎಲ್ಲಾ ಹೇಳಿಕೊಟ್ಟಿದ್ದು ನಾವs. ಹಂಗ ಮಾಡಸು ಅಂತ ಆಕಿಗೆ ಹೇಳಿದಾಕಿ ನಾನು. ಆದ್ರ ಅದೊಂದು ಯಾರೂ ಹೇಳಿಕೊಟ್ಟಿಲ್ಲ’ ಎಂದೆ.

ಅವರು ಅಂಕಪಟ್ಟಿಯನ್ನು ಮಡಿಸುತ್ತಾ, ‘ಹಸು, ಕೊಡೆಗೆ ನಾನೇನೂ ಹಾಕಿಲ್ಲ. ಆಮೇಲಿನ ಪಾಠಕ್ಕೆ ಹಾಕಿದೀನಿ. ಪಾಸು’ ಎಂದು ನಕ್ಕು, ಸ್ಕೂಟರ್ ಹತ್ತಿದರು.

ನಸೀಮಾ ಶಾಲೆಯ ಮೆಟ್ಟಿಲ ಮೇಲೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ವಿಷಯ ಹೇಳಿದೆ. ಕಣ್ಣೊರೆಸಿಕೊಂಡಳು. ‘ಮೇಡಂ, ಇಷ್ಟ್ ವರ್ಷ ಇಂಗ್ಲಿಷ್ ಓದಿದೀನಿ, ಬರ್ದಿದೀನಿ. ಆದ್ರೆ ಇಂಗ್ಲಿಷಲ್ಲಿ ನಂದೇ ಅಂತ ಒಂದು ನಿಜ ಹೇಳಿದ್ದು ಇವತ್ತೇ ಫಸ್ಟು’ ಎಂದಳು.

ನನಗೆ ಖುಷಿಯಾಯಿತು, ನಾಚಿಕೆಯೂ ಆಯಿತು. ಅವಳ ಪಕ್ಕದಲ್ಲೇ ಕುಳಿತು, ಅಂಥದ್ದೊಂದು ನಿಜವನ್ನು ನಾನು ಇಂಗ್ಲಿಷಿನಲ್ಲಿ ಎಂದಾದರೂ ಹೇಳಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಎಷ್ಟು ತಡಕಾಡಿದರೂ ಒಂದೂ ಸಿಗಲಿಲ್ಲ.

‘ನಸೀಮಾ’ ಎಂದೆ, ‘ಐ ವಾಸ್ ಮೋರ್ ಅಫ್ರೇಡ್ ದ್ಯಾನ್ ಯೂ.’