ಶುಕ್ರ ಎಂದ ನಮ್ಮ ವೈನಿ

ನಮ್ಮ ವೈನಿಯ ಎಡ ಅಂಗೈಯಲ್ಲಿ ಯಾವಾಗಲೂ ನೀಲಿ ಶಾಯಿಯ ಅಕ್ಷರಗಳಿರುತ್ತಿದ್ದವು. ಅಡಿಗೆ ಮಾಡುವಾಗ ರೇಡಿಯೋದಲ್ಲಿ ಹೊಸ ಸಂಗತಿಯೇನಾದರೂ ಕಿವಿಗೆ ಬಿದ್ದರೆ, ಹಿಟ್ಟಿನ ಕೈ ಒರೆಸಿಕೊಂಡು, ಫ್ರಿಜ್ಜಿನ ಮೇಲಿದ್ದ ಬಾಲ್‌ಪೆನ್ ತೆಗೆದು ಅಂಗೈಯ ಮೇಲೆ ಗೀಚಿಕೊಳ್ಳುವರು. ಅದು ಅಳಿಸಬಾರದೆಂದು ಆಮೇಲೆ ಬಲಗೈ ಒಂದರಿಂದಲೇ ಕಣಕ ನಾದುವರು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅದನ್ನು ಇಳಿಸಿಟ್ಟ ನಂತರವೇ ಕೈ ತೊಳೆಯುವುದು. ‘ಆಕ್ಟೋಪಸ್‌ಗೆ ಮೂರು ಹೃದಯ’ ಎಂದು ಬರೆದಿದ್ದ ಕೈಯನ್ನೇ ಒಡ್ಡಿ ಒಮ್ಮೆ ಅರಿಶಿನ ಕುಂಕುಮ ತೆಗೆದುಕೊಂಡು ಬಂದಿದ್ದರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ವಿಜಯಪುರದ ಕಡೆಯವರು, ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಅಣ್ಣ ಪುಣೆಯಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಗುಮಾಸ್ತ. ಕಾಲೇಜಿಗೆಂದು ನಾನು ಧನಕವಡಿಯ ಅವರ ಎರಡು ಕೋಣೆಯ ಮನೆಗೆ ಬಂದಾಗ, ಬಸ್ಸಿನ ಬೋರ್ಡು ಓದುತ್ತ ಓದುತ್ತ ವೈನಿ ಮರಾಠಿ ಪೇಪರು ಓದುವಷ್ಟು ಆಗಿದ್ದರು. ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳದೆ ಅವರಿಗೆ ತಡೆಯುತ್ತಿರಲಿಲ್ಲ.

ಒಂದು ಏಕಾದಶಿಯಂದು ಎದುರುಮನೆಯ ಮರಾಠಿ ಕಾಕು ಸಾಬೂದಾಣಿ ಖಿಚಡಿ ತಂದುಕೊಟ್ಟರು. ವೈನಿ ತಾಟು ಇಸಿದುಕೊಳ್ಳುತ್ತಲೇ, ಸಾಬೂದಾಣಿ ಮಾಡುವ ಗೆಣಸು, ಆಲೂಗಡ್ಡೆ, ಶೇಂಗಾ, ಮೆಣಸಿನಕಾಯಿ, ಎಲ್ಲವೂ ಹಡಗಿನಲ್ಲಿ ಪರದೇಶದಿಂದ ಬಂದವು ಎಂದು ಮರಾಠಿಯಲ್ಲಿ ವಿವರಿಸಿದರು. ಕಾಕುವಿನ ಮುಖ ಇಳಿದುಹೋಯಿತು. ಹಾಗಾದರೆ ಉಪವಾಸಕ್ಕೆ ತಿನ್ನುವುದೇನು ಎಂದು ಕೇಳಿದರು. “ಇದನ್ನೇ ತಿನ್ನೋಣ ಕಾಕು, ದೇವರಿಗೆ ಪರದೇಶ ಎಲ್ಲಿದು?” ಎಂದು ವೈನಿ ಅವರನ್ನು ಒಳಗೆ ಕರೆದು ಕೂಡಿಸಿ, ಇಬ್ಬರೂ ಅದನ್ನೇ ತಿಂದರು.

ನಾನು ನೌಕರಿಯ ಪರೀಕ್ಷೆಗಳನ್ನು ಬರೆಯುತ್ತಿದ್ದ ಕಾಲದಲ್ಲಿ ಆ ಕ್ಯಾಲೆಂಡರ್ ಹಾಳೆಗಳೇ ನನ್ನ ಸಾಮಾನ್ಯ ಜ್ಞಾನದ ಪುಸ್ತಕ. ವೈನಿ ರೊಟ್ಟಿ ಬಡಿಯುತ್ತ ಪ್ರಶ್ನೆ ಕೇಳುವರು, ನಾನು ಬಾಗಿಲಲ್ಲಿ ಕೂತು ಉತ್ತರಿಸುತ್ತಿದ್ದೆ. ಎಲ್ಲಕ್ಕಿಂತ ಬಿಸಿ ಗ್ರಹ ಯಾವುದು ಎಂದು ಒಂದು ಸಲ ಕೇಳಿದಾಗ, ಸೂರ್ಯನ ಹತ್ತಿರ ಇರುವ ಬುಧ ಎಂದೆ. “ಅಲ್ಲೋ ತಮ್ಮಾ, ಶುಕ್ರ” ಎಂದರು ಅವರು. “ಬುಧಗ ಹೊದಿಕಿ ಇಲ್ಲ, ಬಿಸಿ ಹಾರಿ ಹೋಗತದ. ಶುಕ್ರನ ಮ್ಯಾಲ ದಪ್ಪ ಹೊದಿಕಿ ಅದ. ತೆರೆದ ಬೋಗಾಣಿಗಿಂತ ಮುಚ್ಚಿದ ಕುಕ್ಕರಿನಾಗ ಬಿಸಿ ಜಾಸ್ತಿ ನಿಂದರತದಲ್ಲ, ಹಂಗ.” ಮುಂದೆ ನನಗೆ ಹಡಪಸರದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಬೇರೆ ಮನೆ ಮಾಡಿದೆ. ಆ ಕೆಲಸದ ಪರೀಕ್ಷೆಯಲ್ಲಿ ನನ್ನನ್ನು ದಾಟಿಸಿದ್ದು ಸಾಮಾನ್ಯ ಜ್ಞಾನದ ಭಾಗವೇ.

ಪುಣೆಯಲ್ಲಿ ನಮ್ಮ ಕಡೆಯ ಕನ್ನಡಿಗರದ್ದೊಂದು ಸಣ್ಣ ಕೂಟವಿದೆ. ಒಂದು ವರ್ಷ ರಾಜ್ಯೋತ್ಸವಕ್ಕೆ ರಸಪ್ರಶ್ನೆ ನಡೆಸುವ ಕೆಲಸ ನನಗೆ ಬಂತು. ಮುಖ್ಯ ಅತಿಥಿಯಾಗಿ ನಮ್ಮ ಆಫೀಸಿನ ಸಾಹೇಬರನ್ನು ನಾನೇ ಕರೆತಂದಿದ್ದೆ. ಅವರೂ ಕನ್ನಡದವರು. ಪ್ರಶ್ನೆ, ಉತ್ತರ ಎರಡನ್ನೂ ಕಾರ್ಡುಗಳಲ್ಲಿ ತಾವೇ ಬರೆದುಕೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು.

ವೈನಿ ಆವತ್ತು ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದರು. ಬಿಸಿ ಗ್ರಹದ ಪ್ರಶ್ನೆ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತು “ಶುಕ್ರ” ಎಂದರು. ನನ್ನ ಕೈಯಲ್ಲಿದ್ದ ಕಾರ್ಡಿನಲ್ಲಿ ಬುಧ ಎಂದಿತ್ತು.

ಕಾರ್ಡು ತಪ್ಪೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದುಬಿಟ್ಟರೆ ಇದನ್ನು ಬರೆಯುವುದು ಎಷ್ಟೋ ಸುಲಭ. ಸಾಹೇಬರ ಕಡೆ ನೋಡಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ನಾನು “ತಪ್ಪು ಉತ್ತರ” ಎಂದೆ. ವೈನಿ ಕೂರಲಿಲ್ಲ. “ಬುಧಗ ಹೊದಿಕಿ ಇಲ್ಲೋ, ಕುಕ್ಕರಿನಾಗ ನೋಡು...” ಎಂದು ಶುರು ಮಾಡಿದರು.

“ವೈನಿ, ಇದು ಅಡಿಗಿಮನಿ ಅಲ್ಲರಿ, ಕೂಡ್ರಿ” ಎಂದೆ ನಾನು, ಮೈಕಿನಲ್ಲಿ.

ಹಾಲ್ ತುಂಬ ನಗು. ಸಾಹೇಬರೂ ನಕ್ಕರು, ವೈನಿಯ ಪಕ್ಕದಲ್ಲಿ ಕೂತಿದ್ದ ಅಣ್ಣನೂ ನಕ್ಕ. ವೈನಿ ಸೆರಗು ಸರಿಮಾಡಿಕೊಂಡು ಕೂತರು.

ಮುಂದೆ ಅವರು ಮುನಿಸಿಕೊಳ್ಳಲಿಲ್ಲ, ನಾನು ಅವರ ಮನೆಗೆ ಹೋದಾಗ ಮೊದಲಿನ ಹಾಗೆಯೇ ಬಡಿಸಿದರು. ಆದರೆ ನನಗೆ ಪ್ರಶ್ನೆ ಕೇಳುವುದನ್ನು ಬಿಟ್ಟರು. ತಿಂಗಳಾದ ಮೇಲೆ ಅಣ್ಣ ಇಲ್ಲದ ಹೊತ್ತು ನೋಡಿ ಹೋದೆ. ಅವರು ಮೆಂತ್ಯಪಲ್ಲೆ ಬಿಡಿಸುತ್ತಿದ್ದರು.

“ವೈನಿ, ಆವತ್ತ ನೀವು ಹೇಳಿದ್ದ ಬರೋಬರಿ ಇತ್ತು. ನನಗ ಗೊತ್ತಿತ್ತು” ಎಂದೆ.

“ನಿನಗ ಗೊತ್ತದ ಅಂತ ನನಗೂ ಗೊತ್ತಿತ್ತು. ನಾನ ಅಲ್ಲ ಕಲಿಸಿದಾಕಿ?” ಎಂದರು. ಒಂದೆರಡು ಕಡ್ಡಿ ಬಿಡಿಸಿದ ಮೇಲೆ ಹೇಳಿದರು: “ತಪ್ಪು ಅಂದಿ, ಅದಕ್ಕೇನಿಲ್ಲ. ಸಾಹೇಬರ ಮುಂದ ನಿನಗೂ ನಡೀಬೇಕಲ್ಲ. ಆದ್ರ ಅವರ ಜೊತಿ ನೀನೂ ನಕ್ಕಿ ನೋಡು.”

ಕ್ಷಮಿಸಿರಿ ಎಂಬ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ಅದು ಹೊರಗೆ ಬರಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಹೋದ ವರ್ಷ ವೈನಿ ತೀರಿಕೊಂಡರು. ಎಂಟು ದಿನದ ಜ್ವರ, ಅಷ್ಟೇ. ದಿನಕರ್ಮಗಳೆಲ್ಲ ಮುಗಿದು ಬಂದವರು ಹೊರಟುಹೋದ ಮೇಲೆ ನಾನೂ ಅಣ್ಣನೂ ಊಟಕ್ಕೆ ಕೂತೆವು. ಅಣ್ಣ ತಾನಾಗಿಯೇ ಅವರ ಮಾತು ತೆಗೆದ. ಆ ರಾಜ್ಯೋತ್ಸವದ ನಂತರ ಮನೆಯಲ್ಲಿ ವೈನಿ ಯಾವುದೇ ಹೊಸ ವಿಷಯ ಹೇಳಲು ಬಂದರೂ “ಸಾಕ ಬಿಡು, ಶುಕ್ರನ ಗತಿ ಆದೀತು” ಎಂದು ಚೇಷ್ಟೆ ಮಾಡುತ್ತಿದ್ದನಂತೆ. “ಅಕಿನೂ ನಗತಿದ್ಲು” ಎಂದ.

ನಾನು ತುತ್ತು ಕೆಳಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಕಾರ್ಡು ತಪ್ಪಿತ್ತು, ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅಣ್ಣ ತಾಟು ಸರಿಸಿದ. “ಇಷ್ಟ ವರ್ಷ ನಾ ಚೇಷ್ಟೆ ಮಾಡಿದ್ರೂ ಅಕಿ ನಿನ್ನ ಹೆಸರ ತಗೀಲಿಲ್ಲ” ಎಂದ. ನನ್ನ ಕಡೆ ನೋಡಲಿಲ್ಲ. ಎದ್ದು ಕೈ ತೊಳೆದು ಬಂದು, “ನನಗ ಹೇಳಬೇಕಿತ್ತು” ಎಂದ.

ವೈನಿ ಹೇಳಬೇಕಿತ್ತು ಎಂದನೋ, ನಾನು ಹೇಳಬೇಕಿತ್ತು ಎಂದನೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.